ಡಬ್ಬಿಯ ಮೇಲಿನ ಅಂಕಿ ನೋಡಿ ಕೊಳ್ಳಬೇಡಿ: ಬಿಲ್ಲು ಮತ್ತು ಕೋವಿ ಶಿಕಾರಿಗೆ ಲೇಸರ್ ರೇಂಜ್‌ಫೈಂಡರ್

ರೇಂಜ್‌ಫೈಂಡರ್ ಅಂದರೆ ಲೇಸರಿನಿಂದ ದೂರ ಅಳೆಯುವ ಯಂತ್ರ. ಅದರ ಡಬ್ಬಿಯ ಮೇಲೆ 1800, 2800, 4000 ಅಂತ, ಎಷ್ಟು ಗಜದವರೆಗೆ ಅಳೆಯಬಲ್ಲದೆಂಬ ಒಂದು ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ. ಅಂಗಡಿಯಲ್ಲಿ ಬಹಳ ಜನ ಆ ಅಂಕಿಗೂ ಬೆಲೆಗೂ ತಾಳೆ ಹಾಕಿ ಕೊಂಡುಬಿಡುತ್ತಾರೆ. ನವೆಂಬರಿನ ಮುಸ್ಸಂಜೆ, ಜಿಂಕೆ ಮೂವತ್ತೆರಡು ಗಜದಲ್ಲಿ ಪೊದೆಯ ಹಿಂದೆ ಬಂದು ನಿಂತಾಗ ಅದೇ ಯಂತ್ರ 19 ಅಂತ ತೋರಿಸುತ್ತದೆ. ಅದು ಪೊದೆಯ ದೂರ, ಜಿಂಕೆಯದ್ದಲ್ಲ. ಇಲ್ಲವೇ ಕಂದು ಮೈಯ ಮೇಲೆ ಕಪ್ಪು ಅಂಕಿ ಬಿದ್ದು ಏನೂ ಓದಲಾಗುವುದಿಲ್ಲ. ಶಿಕಾರಿ ಕೈತಪ್ಪುವುದು, ಅದಕ್ಕಿಂತ ಕೆಟ್ಟದ್ದಾಗಿ ಪ್ರಾಣಿ ಗಾಯಗೊಂಡು ಓಡುವುದು, ಹೆಚ್ಚಾಗಿ ಈ ಎರಡು ಕಾರಣಗಳಿಂದ. 4000 ಎಂಬ ಅಂಕಿ ಇವೆರಡಕ್ಕೂ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಯಂತ್ರಗಳನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ನಿಮಗೆ ಎದುರಾಗುವ ಅತಿ ಕಷ್ಟದ ಈಡಿನ ಹೊತ್ತಿಗೆ ಅದು ಸರಿಯಾದ ವಸ್ತುವಿನ ದೂರವನ್ನು, ಓದಲು ಬರುವಂತೆ, ಹೇಳುತ್ತದೆಯೇ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಇಲ್ಲಿನ ಮಾತೆಲ್ಲ ಅಮೆರಿಕದಲ್ಲಿ ಹಂಟರ್ ಎಜುಕೇಶನ್ (ಬೇಟೆಗಾರರ ತರಬೇತಿ) ಮುಗಿಸಿ, ಲೈಸೆನ್ಸು, ಟ್ಯಾಗು (ಪ್ರಾಣಿಯ ಲೆಕ್ಕದಲ್ಲಿ ಕೊಡುವ ಪರವಾನಗಿ ಚೀಟಿ) ತೆಗೆದುಕೊಂಡು ವೈಟ್‌ಟೇಲ್ ಜಿಂಕೆ, ಮ್ಯೂಲ್ ಡಿಯರ್, ಎಲ್ಕ್ (ಇವೂ ಜಿಂಕೆಯ ಜಾತಿಯವೇ) ಹುಡುಕಿ ಹೋಗುವ ಕನ್ನಡಿಗರಿಗಾಗಿ. ಅಲ್ಲಿ ಬಿಲ್ಲಿನ ಪಿನ್ನೂ (ಒಂದೊಂದು ದೂರಕ್ಕೆ ಗುರಿಯಿಡಲು ಬಿಲ್ಲಿನ ಸೈಟಿನಲ್ಲಿರುವ ಕಡ್ಡಿ) ತೋಟಾ ಡಬ್ಬಿಯ ಕೋಷ್ಟಕವೂ ಗಜದಲ್ಲೇ ಇರುವುದರಿಂದ ಇಲ್ಲೂ ಗಜದ ಲೆಕ್ಕವೇ ಇದೆ. ಮೀಟರಿನಲ್ಲಿ ಓದಿ ಬೆಳೆದ ನಮಗೆ ಇದರಲ್ಲಿ ಒಂದು ಅಪಾಯವೂ ಉಂಟು. 40 ಮೀಟರ್ ಅಂದರೆ 43.7 ಗಜ. ಯಂತ್ರ ಮೀಟರಿಗೆ ಸೆಟ್ ಆಗಿದ್ದು, ಅದು 40 ತೋರಿಸಿತೆಂದು ನೀವು 40 ಗಜದ ಪಿನ್ ಇಟ್ಟರೆ ಬಾಣ ಮೂರೂವರೆ ನಾಲ್ಕು ಇಂಚು ಕೆಳಗೆ ಹೋಗುತ್ತದೆ. ಹೊಸ ಯಂತ್ರ ಕೈಗೆ ಬಂದಾಗಲೂ ಬ್ಯಾಟರಿ ಬದಲಿಸಿದಾಗಲೂ ಮೊದಲು ನೋಡಬೇಕಾದ್ದು ಪರದೆಯ ಮೂಲೆಯಲ್ಲಿ ‘ವೈ’ (ಗಜ) ಇದೆಯೋ ‘ಎಂ’ (ಮೀಟರ್) ಇದೆಯೋ ಎಂಬುದನ್ನು.

ಬಿಲ್ಲಿಗೆ ಎಷ್ಟು ನಿಖರತೆ ಬೇಕು, ಕೋವಿಗೆ ಎಷ್ಟು

ಬಿಲ್ಲಿನವರಿಗೂ ಕೋವಿಯವರಿಗೂ ಬೇಕಾದ್ದು ಬೇರೆ ಬೇರೆ. ಒಂದೇ ಯಂತ್ರ ಎರಡಕ್ಕೂ ಆದೀತು, ಆದರೆ ಯಾವ ಗುಣಕ್ಕೆ ದುಡ್ಡು ಕೊಡಬೇಕು ಎಂಬುದು ಬದಲಾಗುತ್ತದೆ.

ಸೆಕೆಂಡಿಗೆ 280 ಅಡಿ ವೇಗದ ಬಾಣವನ್ನೇ ತೆಗೆದುಕೊಳ್ಳಿ. ಈಗಿನ ಕಾಂಪೌಂಡ್ (ತುದಿಗಳಲ್ಲಿ ರಾಟೆ ಇರುವ) ಬಿಲ್ಲಿಗೆ ಅದು ಸಾಮಾನ್ಯ ವೇಗ. 40 ಗಜದ ಹತ್ತಿರ ಆ ಬಾಣ ಇಳಿಯುವ ಕೋನ ಎಷ್ಟೆಂದರೆ ದೂರದಲ್ಲಿ ಒಂದು ಗಜ ತಪ್ಪಿದರೆ ಸುಮಾರು ಒಂದು ಇಂಚು ಮೇಲೆ ಕೆಳಗೆ ಆಗುತ್ತದೆ. 60 ಗಜದಲ್ಲಿ ಅದೇ ಒಂದು ಗಜದ ತಪ್ಪು ಸುಮಾರು ಒಂದೂಕಾಲು, ಒಂದೂವರೆ ಇಂಚು. ವೈಟ್‌ಟೇಲ್ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಎಂಟು ಹತ್ತು ಇಂಚಿನ ವೃತ್ತ. ನಡುವಿಗೆ ಗುರಿಯಿಟ್ಟರೆ ಮೇಲೆ ಕೆಳಗೆ ನಿಮಗಿರುವ ಅವಕಾಶ ನಾಲ್ಕೈದು ಇಂಚು. ಅದರಲ್ಲಿ ಕೈ ನಡುಕಕ್ಕೆ ಎರಡು ಮೂರು ಇಂಚು ಹೋಗಿಬಿಡುತ್ತದೆ. 40 ಗಜವನ್ನು ಕಣ್ಣಳತೆಯಲ್ಲಿ 45 ಅಂದುಕೊಳ್ಳುವುದು ಯಾರಿಗಾದರೂ ಆಗುವ ತಪ್ಪು, ಅಷ್ಟೇ ಸಾಕು ಬಾಣ ಬೆನ್ನ ಮೇಲೆ ಹಾರಿಹೋಗಲು. ಬಿಲ್ಲಿನವರಿಗೆ ರೇಂಜ್‌ಫೈಂಡರ್ ಇಪ್ಪತ್ತೈದು ಗಜದಿಂದಲೇ ಬೇಕು ಎನ್ನುವುದು ಇದಕ್ಕೇ.

ಕೋವಿಯ ಲೆಕ್ಕ ಬೇರೆ. 6.5 ಕ್ರೀಡ್‌ಮೂರ್‌ನಲ್ಲಿ (ಅದೊಂದು ತೋಟಾ ಬಗೆ) 143 ಗ್ರೇನ್ ತೂಕದ ಗುಂಡು, ಸೆಕೆಂಡಿಗೆ 2700 ಅಡಿ, 200 ಗಜಕ್ಕೆ ಝೀರೋ ಮಾಡಿದ್ದು, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದು, ಅಂತಿಟ್ಟುಕೊಳ್ಳಿ. 300 ಗಜದಲ್ಲಿ ಅದು ಸುಮಾರು 8 ಇಂಚು ಕೆಳಗೆ, 400ರಲ್ಲಿ ಸುಮಾರು 22, 500ರಲ್ಲಿ ಸುಮಾರು 44. ಅಂದರೆ 250 ಗಜದವರೆಗೆ ಎದೆಯ ನಡುವಿಗೇ ಗುರಿಯಿಟ್ಟು ಹೊಡೆದರೆ ಸಾಕು, ಯಂತ್ರ ಬೇಕಾಗಿಯೇ ಇಲ್ಲ. ದಟ್ಟ ಕಾಡಿನಲ್ಲಿ ನೂರು ಗಜದೊಳಗೆ ಕೋವಿ ಶಿಕಾರಿ ಮಾಡುವವರು ಈ ದುಡ್ಡನ್ನು ಒಳ್ಳೆಯ ಬೈನಾಕ್ಯುಲರಿಗೆ ಹಾಕಿದರೆ ಹೆಚ್ಚು ಪ್ರಯೋಜನ. 400 ದಾಟಿದ ಮೇಲೆ ಪರಿಸ್ಥಿತಿ ತಿರುಗುತ್ತದೆ: 25 ಗಜದ ತಪ್ಪಿಗೆ ನಾಲ್ಕೈದು ಇಂಚಿನ ಬೆಲೆ ತೆರಬೇಕಾಗುತ್ತದೆ, 500ರಲ್ಲಿ ಇನ್ನೂ ಹೆಚ್ಚು. ಅಲ್ಲಿ ಗಜದ ಹತ್ತನೇ ಒಂದು ಭಾಗ ತೋರಿಸುವ ಪರದೆ ಮುಖ್ಯವಲ್ಲ, ಸರಿಯಾದ ವಸ್ತುವನ್ನು ಹಿಡಿಯುವ ಕಿರಿದಾದ ಕಿರಣ ಮುಖ್ಯ.

ದಶಾಂಶದ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಪರದೆ 37.4 ಅಂತ ತೋರಿಸಿದ ಮಾತ್ರಕ್ಕೆ ಅದು ಹತ್ತನೇ ಒಂದು ಗಜದಷ್ಟು ನಿಖರ ಅಂತಲ್ಲ. ಬಹಳಷ್ಟು ಯಂತ್ರಗಳ ನಿಖರತೆ ಹತ್ತಿರದ ದೂರದಲ್ಲಿ ಅರ್ಧ ಗಜದಿಂದ ಒಂದು ಗಜ ಹೆಚ್ಚು ಕಡಿಮೆ. ಬಿಲ್ಲಿಗೆ ಅಷ್ಟು ಸಾಕು. ದಶಾಂಶದ ಆಸೆಗೆ ನೂರು ಡಾಲರ್ ಹೆಚ್ಚು ಕೊಡಬೇಡಿ.

ಕಿರಣ ಎಲ್ಲಿಗೆ ಹೋಗುತ್ತದೆ

ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು 905 ನ್ಯಾನೋಮೀಟರಿನ ಅವಗೆಂಪು ಲೇಸರ್. ಅದು ಕಣ್ಣಿಗೆ ಕಾಣದು, ಜಿಂಕೆಗೂ ಕಾಣದು. ಬೆಳಕಿನ ಮಿಡಿತ ಹೊರಟು, ವಸ್ತುವಿಗೆ ತಾಗಿ, ಹಿಂದಿರುಗಲು ಹಿಡಿದ ಸಮಯವನ್ನು ಯಂತ್ರ ಅಳೆಯುತ್ತದೆ. ಒಂದು ಗಜ ಹೋಗಿ ಬರಲು ಬೆಳಕಿಗೆ ಸುಮಾರು ಆರು ನ್ಯಾನೋಸೆಕೆಂಡ್ ಸಾಕು. ಆ ಗಡಿಯಾರವನ್ನು ಈಗ ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ, ಅಗ್ಗದ ಯಂತ್ರದಲ್ಲೂ ತೊಂದರೆ ಬರುವುದು ಗಡಿಯಾರದಿಂದಲ್ಲ. ಮರಳಿ ಬಂದ ಹತ್ತಾರು ಪ್ರತಿಫಲನಗಳಲ್ಲಿ ಯಾವುದನ್ನು ಆರಿಸಿ ತೋರಿಸಬೇಕು ಎಂಬ ಕಡೆಯಲ್ಲಿ ಯಂತ್ರ ಎಡವುತ್ತದೆ.

ಕಿರಣ ದಾರದಂತೆ ನೇರವಾಗಿ ಹೋಗುವುದಿಲ್ಲ, ಟಾರ್ಚಿನ ಬೆಳಕಿನಂತೆ ಅಗಲವಾಗುತ್ತ ಹೋಗುತ್ತದೆ. ಆ ಅಗಲಕ್ಕೆ ಮಿಲಿರೇಡಿಯನ್ ಲೆಕ್ಕ: ಒಂದು ಮಿಲಿರೇಡಿಯನ್ ಅಂದರೆ 1000 ಗಜದಲ್ಲಿ ಒಂದು ಗಜ. ಎರಡು ಮಿಲಿರೇಡಿಯನ್ ಅಗಲದ ಕಿರಣ 400 ಗಜದಲ್ಲಿ 29 ಇಂಚು ಹರಡುತ್ತದೆ. ಜಿಂಕೆಯ ಬೆನ್ನಿನಿಂದ ಹೊಟ್ಟೆಗೆ ಅಷ್ಟು ಎತ್ತರವೇ ಇರುವುದಿಲ್ಲ. ಹಾಗಾಗಿ ಕಿರಣದ ಒಂದು ಭಾಗ ಜಿಂಕೆಯ ಮೇಲೆ, ಇನ್ನೊಂದು ಮುಂದಿನ ಹುಲ್ಲಿನ ಮೇಲೆ, ಮತ್ತೊಂದು ಹಿಂದಿನ ಗುಡ್ಡದ ಮೇಲೆ ಬೀಳುತ್ತದೆ. ಲೈಕಾ ಸಿಆರ್‌ಎಫ್ 2800ರ ಕಿರಣ 0.5ಕ್ಕೆ 1.2 ಮಿಲಿರೇಡಿಯನ್. ಅದೇ 400 ಗಜದಲ್ಲಿ ಅದು ಸುಮಾರು 7 ಇಂಚಿಗೆ 17 ಇಂಚು. ಆ ಯಂತ್ರದ ಬೆಲೆಯ ದೊಡ್ಡ ಪಾಲು ಹೋಗಿರುವುದು ಇದಕ್ಕೆ, 2800 ಎಂಬ ಅಂಕಿಗಲ್ಲ. ಕಿರಣದ ಅಗಲವನ್ನು ಕೈಪಿಡಿಯಲ್ಲಿ ಬರೆಯದ ಕಂಪನಿಗಳೂ ಇವೆ. ಕೋವಿಗಾಗಿ ಕೊಳ್ಳುವವರು ಬರೆದಿರುವ ಯಂತ್ರವನ್ನೇ ಆರಿಸುವುದು ವಾಸಿ.

ಇಳಿಜಾರಿನ ಹುಲ್ಲುಗಾವಲಿನಾಚೆ ನಿಂತ ಪ್ರಾಣಿಯನ್ನು ಅಳೆಯುವಾಗ ಕಿರಣ ಅಡ್ಡಕ್ಕೆ ಅಗಲವೋ ಉದ್ದಕ್ಕೆ ಅಗಲವೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಉದ್ದಕ್ಕೆ ಹರಡುವ ಕಿರಣ ಮುಂದಿನ ಹುಲ್ಲಿಗೆ ಬೇಗ ತಾಗುತ್ತದೆ. ಹಾಗಾದಾಗ ಯಂತ್ರವನ್ನು ತೊಂಬತ್ತು ಡಿಗ್ರಿ ಓರೆ ಹಿಡಿದು ಮತ್ತೊಮ್ಮೆ ಅಳೆದು ನೋಡಿ. ಎರಡು ಅಳತೆ ಬೇರೆ ಬೇರೆ ಬಂದರೆ ನಡುವೆ ಏನೋ ಅಡ್ಡವಿದೆ ಅಂತಲೇ ಅರ್ಥ. (ಹಾಗೆ ಓರೆ ಹಿಡಿದಾಗ ಕೋನದ ಲೆಕ್ಕವನ್ನು ನಂಬಬೇಡಿ, ನೇರ ದೂರ ಮಾತ್ರ ನೋಡಿ.)

ಮೊದಲನೆಯದೋ ಕೊನೆಯದೋ

ಮರಳಿ ಬಂದ ಪ್ರತಿಫಲನಗಳಲ್ಲಿ ಹತ್ತಿರದ್ದನ್ನು ತೋರಿಸುವುದು ‘ಫಸ್ಟ್’ ಮೋಡ್, ದೂರದ್ದನ್ನು ತೋರಿಸುವುದು ‘ಲಾಸ್ಟ್’, ಎಲ್ಲಕ್ಕಿಂತ ಬಲವಾದದ್ದನ್ನು ತೋರಿಸುವುದು ‘ನಾರ್ಮಲ್’ ಅಥವಾ ‘ಬೆಸ್ಟ್’. ವೋರ್ಟೆಕ್ಸ್ ರೇಜರ್ ಎಚ್‌ಡಿ 4000ರಲ್ಲಿ ಈ ಮೂರರ ಜೊತೆಗೆ ಬಹು ದೂರಕ್ಕೆಂದೇ ಇನ್ನೊಂದು ಮೋಡ್ ಇದೆ.

ಕಾಡಿನಲ್ಲಿ ‘ಲಾಸ್ಟ್’ ಮೋಡಿನ ಬೆಲೆ ಗೊತ್ತಾಗುವುದು ಪೊದೆ, ರೆಂಬೆ, ಮಳೆ, ಹಿಮ ಇದ್ದಾಗ. ಕಿರಣದ ಮುಕ್ಕಾಲು ಪಾಲು ಎಲೆಗೆ ತಾಗಿ ಹಿಂದಿರುಗಿದರೂ ಉಳಿದದ್ದು ಜಿಂಕೆಗೆ ತಾಗಿದ್ದರೆ ‘ಲಾಸ್ಟ್’ ಅದನ್ನು ತೋರಿಸುತ್ತದೆ. ಹಾಗೆಂದು ಅದನ್ನೇ ಸದಾ ಇಟ್ಟುಕೊಳ್ಳುವುದೂ ತಪ್ಪು: ಬಯಲಿನಲ್ಲಿ ಗುಡ್ಡದ ನೆತ್ತಿಯ ಮೇಲೆ ನಿಂತ ಎಲ್ಕ್‌ನ ಪಕ್ಕದಿಂದ ಕಿರಣ ಸೋರಿ ಹಿಂದಿನ ಬೆಟ್ಟಕ್ಕೆ ತಾಗಿದರೆ ಅದೇ ಮೋಡ್ 310 ಗಜದ ಪ್ರಾಣಿಗೆ 480 ತೋರಿಸಿಬಿಡಬಹುದು. ಅಲ್ಲಿ ‘ಫಸ್ಟ್’ ಸರಿ. ಪ್ರಾಣಿಯ ಮುಂದೆ ಅಡ್ಡವಿದ್ದರೆ ‘ಲಾಸ್ಟ್’, ಹಿಂದೆ ಬಯಲಿದ್ದರೆ ‘ಫಸ್ಟ್’. ಮೋಡ್ ಬದಲಿಸಲು ನಾಲ್ಕು ಸಲ ಗುಂಡಿ ಒತ್ತಬೇಕಾದ ಯಂತ್ರವಾದರೆ ಕೈಗವಸು ಹಾಕಿದ ಬೆರಳಿನಿಂದ ಅದು ಆಗುವ ಮಾತಲ್ಲ. ಅಂಗಡಿಯಲ್ಲೇ ಕೈಗವಸು ಹಾಕಿ ಒತ್ತಿ ನೋಡಿ.

ಗಾಲ್ಫ್ ಆಡುವವರ ಮನೆಯಲ್ಲಿ ಆಗಲೇ ಒಂದು ರೇಂಜ್‌ಫೈಂಡರ್ ಇರುತ್ತದೆ, ಅದೇ ಸಾಲದೇ ಎನ್ನುವ ಪ್ರಶ್ನೆ ಬರುವುದು ಸಹಜ. ಅಭ್ಯಾಸದ ಮೈದಾನಕ್ಕೆ ಸಾಕು, ಕಾಡಿಗೆ ಸಾಲದು. ಗಾಲ್ಫ್ ಯಂತ್ರ ಹಿಂದಿನ ಮರಗಳನ್ನು ಬಿಟ್ಟು ಮುಂದಿನ ಬಾವುಟದ ಕೋಲನ್ನು ಹಿಡಿಯಲೆಂದೇ ಮಾಡಿದ್ದು, ಅಂದರೆ ಹತ್ತಿರದ ವಸ್ತುವಿಗೆ ಆದ್ಯತೆ. ಜಿಂಕೆಯ ಮುಂದೆ ನಾಲ್ಕು ಕಡ್ಡಿ ಅಡ್ಡ ಬಂದರೆ ಅದಕ್ಕೆ ಕಾಣುವುದು ಆ ಕಡ್ಡಿಗಳೇ.

ಬಟ್ಟೆಯ ಗುಡಾರದಲ್ಲಿ ಕೂತು ಹೊಡೆಯುವವರಿಗೆ ಇನ್ನೊಂದು ತೊಡಕಿದೆ. ಕಿಟಕಿಯ ಜಾಲರಿ ಕಿರಣವನ್ನು ಹಿಂದಕ್ಕೆ ಅಟ್ಟುತ್ತದೆ, ಅಳತೆ ಬರುವುದೇ ಇಲ್ಲ ಅಥವಾ ತಪ್ಪಾಗಿ ಬರುತ್ತದೆ. ಜಾಲರಿಯ ಒಂದು ಮೂಲೆ ಸರಿಸಿ ಅಳೆಯಬೇಕು. ಮರದ ಪೆಟ್ಟಿಗೆಯಂಥ ಗೂಡಿನಲ್ಲಿ ಗಾಜಿನ ಕಿಟಕಿಯಿದ್ದರೂ ಇದೇ ಗತಿ.

ಕೋನದ ಲೆಕ್ಕ, ಅದರ ಸುತ್ತ ಇರುವ ಉತ್ಪ್ರೇಕ್ಷೆ

ಗುರುತ್ವ ಎಳೆಯುವುದು ಸಮತಲ ದೂರದ ಲೆಕ್ಕದಲ್ಲಿ, ಇಳಿಜಾರಿನ ದೂರದ ಲೆಕ್ಕದಲ್ಲಲ್ಲ. ಇಳಿಜಾರಿನ ದೂರವನ್ನು ಸಮತಲ ದೂರಕ್ಕೆ ಬದಲಿಸಿ ತೋರಿಸುವ ತಿದ್ದುಪಡಿಗೆ ಪ್ರತಿ ಕಂಪನಿಯೂ ಒಂದೊಂದು ಹೆಸರಿಟ್ಟಿದೆ: ವೋರ್ಟೆಕ್ಸ್‌ನಲ್ಲಿ ಎಚ್‌ಸಿಡಿ, ಲ್ಯೂಪೋಲ್ಡ್‌ನಲ್ಲಿ ಟಿಬಿಆರ್, ಬುಷ್ನೆಲ್‌ನಲ್ಲಿ ಎಆರ್‌ಸಿ, ಸಿಗ್‌ನಲ್ಲಿ ಎಎಂಆರ್, ಲೈಕಾದಲ್ಲಿ ಇಎಚ್‌ಆರ್.

ಅಟ್ಟಣೆ ಶಿಕಾರಿಗೆ ಇದು ಬೇಕೇಬೇಕು ಅಂತ ಹೇಳುವುದನ್ನು ಲೆಕ್ಕ ಹಾಕಿ ನೋಡೋಣ. ಅಟ್ಟಣೆ 20 ಅಡಿ ಎತ್ತರ, ಜಿಂಕೆ ಮರದ ಬುಡದಿಂದ 20 ಗಜ. ಕಣ್ಣಿನಿಂದ ಜಿಂಕೆಗೆ ನೇರ ದೂರ 21.1 ಗಜ. ವ್ಯತ್ಯಾಸ ಬರೀ ಒಂದು ಗಜ, ಅದೂ ಒಂದೇ ಪಿನ್ನಿನಲ್ಲಿ ಹೋಗಿಬಿಡುವ ದೂರದಲ್ಲಿ. ಅಟ್ಟಣೆಯಿಂದ ಬಾಣ ಮೇಲೆ ಹೋಗುವುದಕ್ಕೆ ಹೆಚ್ಚಿನ ಸಲ ಕಾರಣ ಸೊಂಟ ಬಗ್ಗಿಸದೆ ಬರೀ ತೋಳು ಕೆಳಗಿಳಿಸಿ ಹೊಡೆಯುವುದು. ಅದರಿಂದ ಕಣ್ಣು, ಪೀಪ್ (ದಾರದಲ್ಲಿ ಇಣುಕಿ ನೋಡುವ ರಂಧ್ರ), ದಾರದ ಹೊಂದಿಕೆ ಕೆಡುತ್ತದೆ. ಯಾವ ಯಂತ್ರವೂ ಅದನ್ನು ಸರಿಮಾಡದು.

ಬೆಟ್ಟದ ಮಾತು ಬೇರೆ. ಕೊಲೊರಾಡೊದ ಕಣಿವೆಯಲ್ಲಿ 30 ಡಿಗ್ರಿ ಇಳಿಜಾರಿನ ಕೆಳಗೆ 40 ಗಜದಲ್ಲಿ ಎಲ್ಕ್ ನಿಂತಿದ್ದರೆ ಹೊಡೆಯಬೇಕಾದ್ದು 34.6 ಗಜಕ್ಕೆ. ಐದು ಗಜದ ತಪ್ಪು, ಐದು ಇಂಚು ಮೇಲೆ. ಕೋವಿಗೆ 400 ಗಜ ಇದೇ ಕೋನದಲ್ಲಿ 346 ಆಗುತ್ತದೆ. ಬೆಟ್ಟದಲ್ಲಿ ಶಿಕಾರಿ ಮಾಡುವವರು ಕೋನದ ತಿದ್ದುಪಡಿ ಇಲ್ಲದ ಯಂತ್ರವನ್ನು ಮುಟ್ಟಲೇಬಾರದು. ಕೋವಿಗೆ ಬರೀ ಸಮತಲ ದೂರದ ತಿದ್ದುಪಡಿ ಬಹು ದೂರದಲ್ಲಿ ಸ್ವಲ್ಪ ಅತಿಯಾಗಿಯೇ ತಿದ್ದುತ್ತದೆ. 400 ದಾಟಿ ಹೊಡೆಯುವವರಿಗೆ ಗುಂಡಿನ ವೇಗ, ಆಕಾರವನ್ನೂ ಸೇರಿಸಿ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಮೋಡ್ ಇರುವ ಯಂತ್ರ ಬೇಕು.

ತಿದ್ದುಪಡಿ ಇಲ್ಲದ ಹಳೆಯ ಯಂತ್ರ ಇದ್ದರೂ ಅಟ್ಟಣೆಯಲ್ಲಿ ಒಂದು ಉಪಾಯವಿದೆ. ಜಿಂಕೆ ಬರುವ ಮೊದಲೇ ಸುತ್ತಲಿನ ನಾಲ್ಕೈದು ಮರಗಳನ್ನು ನಿಮ್ಮ ಕಣ್ಣಿನ ಮಟ್ಟದಲ್ಲಿ, ಕಾಂಡದ ಮೇಲೆ, ಅಳೆದಿಟ್ಟುಕೊಳ್ಳಿ. ಕಣ್ಣಿನ ಮಟ್ಟದ ಅಳತೆ ತಾನಾಗಿಯೇ ಸಮತಲ ದೂರ. ಯಂತ್ರ ಎಷ್ಟೇ ಒಳ್ಳೆಯದಿದ್ದರೂ ಈ ಕೆಲಸ ಮಾಡಿಯೇ ಕೂರಬೇಕು, ಏಕೆಂದರೆ ಜಿಂಕೆ 22 ಗಜದಲ್ಲಿ ನಿಮ್ಮತ್ತ ಮುಖ ಮಾಡಿ ನಿಂತಾಗ ಕೈಯೆತ್ತಿ ಅಳೆಯುವ ಅವಕಾಶ ಇರುವುದಿಲ್ಲ.

ಬಾಣದ ದಾರಿಯಲ್ಲಿನ ರೆಂಬೆ

ಬಾಣ ಕಣ್ಣಿನ ಗೆರೆಯಲ್ಲಿ ಹೋಗುವುದಿಲ್ಲ, ಮೇಲೇರಿ ಇಳಿಯುತ್ತದೆ. 280 ಅಡಿ ವೇಗದ ಬಾಣ 40 ಗಜಕ್ಕೆ ಹೊರಟರೆ 20 ಗಜದ ಹತ್ತಿರ ಕಣ್ಣಿನ ಗೆರೆಗಿಂತ ಆರೇಳು ಇಂಚು ಮೇಲಿರುತ್ತದೆ. ಜಿಂಕೆ ಪೂರ್ತಿ ಕಾಣುತ್ತಿದ್ದರೂ ನಡುವಿನ ರೆಂಬೆಗೆ ಬಾಣ ಬಡಿಯುವುದು ಇದರಿಂದ. ಲ್ಯೂಪೋಲ್ಡ್ ಆರ್‌ಎಕ್ಸ್-ಫುಲ್‌ಡ್ರಾ 5ರ ‘ಫ್ಲೈಟ್‌ಪಾತ್’ ಈ ಸಮಸ್ಯೆಗಾಗಿಯೇ ಇರುವುದು. ಬಾಣದ ತೂಕ, ವೇಗ, ಕಣ್ಣಿನ ಎತ್ತರವನ್ನು ಮೊದಲು ತುಂಬಿದರೆ, ಅಳತೆಯ ಜೊತೆಗೆ ಬಾಣ ಹಾದುಹೋಗುವ ಎತ್ತರವನ್ನೂ ಪರದೆಯ ಮೇಲೆ ಸೂಚಿಸುತ್ತದೆ. ಬಿಲ್ಲಿಗೆಂದೇ ಮಾಡಿದ ಯಂತ್ರಗಳಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಹೊಸತನ ಇದೊಂದೇ ಎಂಬುದು ನಮ್ಮ ಅಭಿಪ್ರಾಯ. ಆದರೆ ವೇಗವನ್ನು ಬಿಲ್ಲಿನ ಜಾಹೀರಾತಿನಿಂದ ನೋಡಿ ತುಂಬಿದರೆ ಪ್ರಯೋಜನವಿಲ್ಲ. ಅಲ್ಲಿ 340 ಅಂತ ಬರೆದಿರುವುದು ಹಗುರ ಬಾಣಕ್ಕೆ, 30 ಇಂಚಿನ ಎಳೆತಕ್ಕೆ. 28 ಇಂಚು ಎಳೆಯುವವರ ಭಾರದ ಶಿಕಾರಿ ಬಾಣ ಅದರ ಹತ್ತಿರವೂ ಹೋಗದು. ಬಿಲ್ಲಿನ ಅಂಗಡಿಯಲ್ಲಿ ಕ್ರೋನೋಗ್ರಾಫ್ (ವೇಗ ಅಳೆಯುವ ಯಂತ್ರ) ಮುಂದೆ ನಿಮ್ಮದೇ ಬಾಣ ಹೊಡೆದು ವೇಗ ತಿಳಿದುಕೊಳ್ಳಿ.

ಅಷ್ಟು ದುಡ್ಡು ಕೊಡಲಾಗದವರಿಗೆ ಪಿನ್ನುಗಳಲ್ಲೇ ದಾರಿಯಿದೆ. ಜಿಂಕೆ 40 ಗಜ, ಅಡ್ಡ ರೆಂಬೆ 20 ಗಜ ಅಂತ ಎರಡನ್ನೂ ಅಳೆಯಿರಿ. 40ರ ಪಿನ್ ಜಿಂಕೆಯ ಮೇಲಿಟ್ಟಾಗ 20ರ ಪಿನ್ ಎಲ್ಲಿ ಬಿತ್ತು ನೋಡಿ. ಅದು ರೆಂಬೆಯ ಮೇಲೆ ಬಿದ್ದರೆ ಬಾಣವೂ ರೆಂಬೆಗೇ ಬಡಿಯುತ್ತದೆ. ಸಾಮಾನ್ಯ ರೇಂಜ್‌ಫೈಂಡರ್ ಇದ್ದರೆ ಸಾಕು, ಈ ಪರೀಕ್ಷೆ ನಡೆಯುತ್ತದೆ.

ಪರದೆ, ಗಾಜು, ಬ್ಯಾಟರಿ

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಜಿಂಕೆ ಶಿಕಾರಿಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಅನುಮತಿ. ಜಿಂಕೆ ಓಡಾಡುವುದೂ ಆ ತುದಿಗಳಲ್ಲೇ. ಕಪ್ಪು ಅಂಕಿಯ ಎಲ್‌ಸಿಡಿ ಪರದೆ ಅಲ್ಲಿ ಸೋಲುತ್ತದೆ, ಜೊತೆಗೆ ಗಾಜಿನ ಬೆಳಕನ್ನೂ ಸ್ವಲ್ಪ ನುಂಗಿ ನೋಟವನ್ನು ಮಬ್ಬಾಗಿಸುತ್ತದೆ. ಕೊರೆಯುವ ಚಳಿಯಲ್ಲಿ ಅಂಕಿ ಬದಲಾಗುವುದೂ ನಿಧಾನ. ಕೆಂಪು ಬೆಳಕಿನ ಒಎಲ್‌ಇಡಿ ಇಲ್ಲಿ ಸರಿಯಾದ ಆಯ್ಕೆ, ಆದರೆ ಪ್ರಖರತೆ ತಗ್ಗಿಸಲು ಬರಬೇಕು. ಅತಿ ಪ್ರಖರವಾದರೆ ಕತ್ತಲಲ್ಲಿ ಅಂಕಿಯ ಕೆಂಪು ಹರಡಿ ಪ್ರಾಣಿಯೇ ಮರೆಯಾಗುತ್ತದೆ. ಲೈಕಾದ ಕೆಂಪು ಅಂಕಿ ಸುತ್ತಲಿನ ಬೆಳಕಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಬುಷ್ನೆಲ್‌ನ ಬ್ರಾಡ್‌ಹೆಡ್ ಹಿನ್ನೆಲೆ ನೋಡಿ ಕಪ್ಪಿನಿಂದ ಕೆಂಪಿಗೆ ತಾನೇ ಬದಲಾಗುತ್ತದೆ, ಹಗಲಿನ ಹಿಮದಲ್ಲೂ ಸಂಜೆಯ ಕಾಡಿನಲ್ಲೂ ಓದಲು ಅನುಕೂಲ.

ಬಿಲ್ಲಿಗೆ 5 ಅಥವಾ 6 ಪಟ್ಟು ಹಿಗ್ಗುವ ಗಾಜು ಸಾಕು. 7 ಪಟ್ಟು ಕೋವಿಗೆ ಒಳ್ಳೆಯದು, ಅದಕ್ಕಿಂತ ಹೆಚ್ಚಾದರೆ ಕೈನಡುಕವೂ ಹಿಗ್ಗುತ್ತದೆ. ಕನ್ನಡಕ ಹಾಕುವವರು ಕಣ್ಣಿಗೂ ಗಾಜಿಗೂ ನಡುವಿನ ಅಂತರ 15 ಮಿಲಿಮೀಟರಿಗಿಂತ ಕಡಿಮೆ ಇರುವುದನ್ನು ಬಿಟ್ಟುಬಿಡಿ, ಪರದೆಯ ಅಂಚು ಕಾಣುವುದಿಲ್ಲ. ಅಂಕಿ ಮಸುಕಾಗಿದೆ ಅಂತ ಯಂತ್ರ ಹಿಂದಿರುಗಿಸುವವರಲ್ಲಿ ಹಲವರು ಡಯಾಪ್ಟರ್ (ಕಣ್ಣಿಗೆ ತಕ್ಕಂತೆ ನೋಟ ಹೊಂದಿಸುವ ಉಂಗುರ) ತಿರುಗಿಸಿಯೇ ಇರುವುದಿಲ್ಲ. ಆಕಾಶದತ್ತ ಹಿಡಿದು, ಅಂಕಿ ಚೂಪಾಗುವವರೆಗೆ ಕಣ್ಣಿನ ಕಡೆಯ ಉಂಗುರ ತಿರುಗಿಸಿ, ಆ ಜಾಗಕ್ಕೆ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟುಕೊಳ್ಳಿ.

ಬ್ಯಾಟರಿ ಹೆಚ್ಚಿನವುಗಳಲ್ಲಿ 3 ವೋಲ್ಟಿನ ಸಿಆರ್2 ಲಿಥಿಯಂ. ಮತ್ತೆ ಮತ್ತೆ ಚಾರ್ಜ್ ಮಾಡುವ ಅದೇ ಅಳತೆಯ ಬ್ಯಾಟರಿ ಹಾಕಬೇಡಿ. ಅದರ ವೋಲ್ಟೇಜ್ ಹೆಚ್ಚಿರಬಹುದು, ಕೈಪಿಡಿ ಒಪ್ಪದಿದ್ದರೆ ಯಂತ್ರ ಕೆಟ್ಟರೂ ವಾರಂಟಿ ಸಿಗುವುದು ಕಷ್ಟ. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುವುದರಿಂದ ಯಂತ್ರವನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಬ್ಯಾಟರಿ ಜೊತೆಯಲ್ಲಿರಲಿ. ಚೀಲದ ಮುಚ್ಚಳ ವೆಲ್ಕ್ರೋ ಆಗಿದ್ದರೆ 20 ಗಜದ ಜಿಂಕೆಗೆ ಅದರ ಸದ್ದು ಚೆನ್ನಾಗಿಯೇ ಕೇಳುತ್ತದೆ. ಅಯಸ್ಕಾಂತದ ಮುಚ್ಚಳ ಸದ್ದಿಲ್ಲದ್ದು, ಆದರೆ ಒಳಗೆ ದಿಕ್ಸೂಚಿ ಇರುವ ಯಂತ್ರಕ್ಕೆ ಅದು ಹತ್ತಿರ ಇರಬಾರದು.

ಯಾವುದು ಯಾರಿಗೆ

ಬಿಲ್ಲು ಮಾತ್ರ, ಅಟ್ಟಣೆಯಿಂದ ಮಾತ್ರ ಅನ್ನುವವರಿಗೆ 200 ಡಾಲರ್ ಒಳಗಿನ ಯಂತ್ರವೂ ನಡೆಯುತ್ತದೆ. ಆದರೆ ಪರದೆಯನ್ನು ಸಂಜೆ ನೋಡಿಯೇ ಕೊಳ್ಳಬೇಕು. ಬೆಟ್ಟದಲ್ಲಿ ಬಿಲ್ಲು ಹಿಡಿದು ಎಲ್ಕ್ ಹಿಂದೆ ಹೋಗುವವರಿಗೆ ಫುಲ್‌ಡ್ರಾ 5 ನಮ್ಮ ಮೊದಲ ಆಯ್ಕೆ.

ಸೆಪ್ಟೆಂಬರಿನಲ್ಲಿ ಬಿಲ್ಲು, ನವೆಂಬರಿನಲ್ಲಿ ಕೋವಿ ಎನ್ನುವವರೇ ಹೆಚ್ಚು. ಅವರಿಗೆ 300ರಿಂದ 500 ಡಾಲರಿನ ಮಟ್ಟ ಸರಿ. ವೋರ್ಟೆಕ್ಸ್ ರೇಂಜರ್ 1800 ಅನ್ನು ಉದಾಹರಣೆಗೆ ನೋಡಿ. ಡಬ್ಬಿಯ ಮೇಲೆ 1800 ಇದ್ದರೂ ಅದು ಹೊಳೆಯುವ ವಸ್ತುವಿಗೆ. ಜಿಂಕೆಗೆ ಕಂಪನಿಯೇ ಹೇಳುವುದು 900 ಗಜ. ರೋಮ ಕಿರಣವನ್ನು ಚದುರಿಸುತ್ತದೆ, ಬಿಸಿಲು ಜೋರಿದ್ದರೆ ಇನ್ನೂ ಕಡಿಮೆ. ಯಾವ ಕಂಪನಿಯದ್ದಾದರೂ ಡಬ್ಬಿಯ ಅಂಕಿಯನ್ನು ಅರ್ಧ ಮಾಡಿಕೊಂಡು ಯೋಚಿಸಿ. ಆ ಅರ್ಧವೂ ಬಹಳ ಜನರ ಕೋವಿಯ ಮಿತಿಗಿಂತ ಎಷ್ಟೋ ಹೆಚ್ಚು. ಇದರ ಹತ್ತಿರದ ಮಿತಿ ಸುಮಾರು ಹತ್ತು ಗಜ ಎಂಬುದು ಗೊತ್ತಿರಲಿ.

ತೆರೆದ ಬಯಲಿನಲ್ಲಿ 400 ದಾಟಿ ಕೋವಿ ಹೊಡೆಯುವ ಅಭ್ಯಾಸ, ಸಾಮರ್ಥ್ಯ ಇದ್ದವರಿಗೆ ಲೈಕಾ ಸಿಆರ್‌ಎಫ್ 2800 ಅಥವಾ ಸಿಗ್‌ನ ಬ್ಲೂಟೂತ್ ಇರುವ ಕಿಲೋ ಸರಣಿ ದುಡ್ಡಿಗೆ ತಕ್ಕದ್ದು. ಯಂತ್ರದ ಜೊತೆ ಬಳಸುವ ಫೋನ್ ಆ್ಯಪಿನಲ್ಲಿ ತುಂಬುವ ಗುಂಡಿನ ವೇಗ ತೋಟಾ ಡಬ್ಬಿಯದ್ದಾಗದೆ ನಿಮ್ಮ ನಳಿಗೆಯದ್ದಾಗಿರಬೇಕು. ಡಬ್ಬಿಯ ಅಂಕಿ ಹೆಚ್ಚಾಗಿ 24 ಇಂಚಿನ ನಳಿಗೆಯದ್ದು, 20 ಇಂಚಿನದರಲ್ಲಿ ಸೆಕೆಂಡಿಗೆ ಎಂಬತ್ತರಿಂದ ನೂರು ಅಡಿ ಕಡಿಮೆಯಾಗಬಹುದು. ಡಲ್ಲಸ್‌ನ ಬಯಲಿನಲ್ಲಿ ಝೀರೋ ಮಾಡಿ 9000 ಅಡಿಯ ಬೆಟ್ಟಕ್ಕೆ ಹೋದರೆ ತೆಳು ಗಾಳಿಯಿಂದ 500 ಗಜದಲ್ಲಿ ಗುಂಡು ಎರಡು ಮೂರು ಇಂಚು ಮೇಲೆ ಬೀಳುತ್ತದೆ. ಒತ್ತಡ, ಉಷ್ಣತೆಯನ್ನು ತಾನೇ ಅಳೆಯುವ ಯಂತ್ರಕ್ಕೆ ಹೆಚ್ಚು ಕೊಡುವುದು ಇದಕ್ಕಾಗಿ.

ಬೈನಾಕ್ಯುಲರಿನಲ್ಲೇ ರೇಂಜ್‌ಫೈಂಡರ್ ಇರುವ ಮಾದರಿಗಳು ಕೋವಿಯವರಿಗೆ ಸೊಗಸು: ಹುಡುಕುವುದೂ ಅಳೆಯುವುದೂ ಒಂದೇ ಚಲನೆಯಲ್ಲಿ ಮುಗಿಯುತ್ತದೆ. ಬಿಲ್ಲಿನವರಿಗೆ ಬೇಡ. ಎರಡು ಕೈಯೂ ಬೇಕು, ಹತ್ತಿರದ ಪ್ರಾಣಿಗೆ ಆ ಚಲನೆ ಕಾಣುತ್ತದೆ.

ಬಿಲ್ಲಿಗೇ ಕಟ್ಟುವ ರೇಂಜ್‌ಫೈಂಡರ್ ಸೈಟುಗಳು, ಗಾರ್ಮಿನ್‌ನ ಝೀರೋದಂಥವು, ತಂತ್ರಜ್ಞಾನವಾಗಿ ಅದ್ಭುತ. ಕೊಳ್ಳುವ ಮೊದಲು ಕಾನೂನು ನೋಡಿ. ಕೊಲೊರಾಡೊ, ಐಡಾಹೊ, ಮೊಂಟಾನಾದಂಥ ರಾಜ್ಯಗಳಲ್ಲಿ ಬಿಲ್ಲಿಗೆ ಇಂಥ ಬ್ಯಾಟರಿ ಸಾಧನ ಕಟ್ಟುವುದಕ್ಕೆ ನಿರ್ಬಂಧವಿದೆ, ಬಿಲ್ಲಿನ ಶಿಕಾರಿಯ ದಾಖಲೆ ಇಡುವ ಪೋಪ್ ಆ್ಯಂಡ್ ಯಂಗ್ ಕ್ಲಬ್ಬೂ ಅದರಿಂದ ಹೊಡೆದದ್ದನ್ನು ದಾಖಲಿಸಿಕೊಳ್ಳುವುದಿಲ್ಲ. ಕೈಯಲ್ಲಿ ಹಿಡಿಯುವ ಯಂತ್ರದ ನಿಯಮ ಬೇರೆ. ಆಯಾ ರಾಜ್ಯದ ಆ ವರ್ಷದ ನಿಯಮ ಪುಸ್ತಕವನ್ನೇ ನೋಡಿ.

ಹಿಂದಿರುಗಿಸುವ ಗಡುವು ಮುಗಿಯುವ ಮೊದಲು

ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಮಧ್ಯಾಹ್ನ ಕಾರಿನ ನಂಬರ್ ಪ್ಲೇಟ್ ಅಳೆದರೆ ಎಲ್ಲ ಯಂತ್ರವೂ ಪಾಸು. ಮನೆಗೆ ತಂದು ಮಾಡಬೇಕಾದ ಪರೀಕ್ಷೆ ಬೇರೆ.

ಮೊದಲನೆಯದು ಕಿರಣ ಮತ್ತು ಗುರಿಚುಕ್ಕೆಯ ಹೊಂದಿಕೆ. ನೂರೈವತ್ತು ಇನ್ನೂರು ಗಜದಾಚೆ, ಹಿಂದೆ ಬರೀ ಆಕಾಶ ಇರುವ ಒಂದು ದೀಪದ ಕಂಬ ಹುಡುಕಿ. ಸ್ಕ್ಯಾನ್ ಮೋಡ್ (ಬಿಡದೆ ಅಳೆಯುತ್ತಲೇ ಇರುವ ಮೋಡ್) ಹಾಕಿ, ಗುಂಡಿ ಒತ್ತಿಹಿಡಿದು, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಗುರಿಚುಕ್ಕೆ ಕಂಬದ ಮೇಲೆ ಬಂದಾಗಲೇ ದೂರ ಮೂಡಬೇಕು. ಬಲದಿಂದ ಎಡಕ್ಕೂ ಮಾಡಿ, ಆಮೇಲೆ ಕಂಬದ ತುದಿಯ ಮೇಲೆ ಮೇಲಿಂದ ಕೆಳಕ್ಕೆ. ಚುಕ್ಕೆ ಕಂಬವನ್ನು ದಾಟಿದ ಮೇಲೆ ಅಂಕಿ ಬಂದರೆ ಕಿರಣ ಓರೆಯಾಗಿದೆ. ಸ್ವಲ್ಪ ಓರೆ ಇದ್ದರೆ ಯಾವ ಕಡೆಗೆ ಎಷ್ಟು ಅಂತ ನೆನಪಿಟ್ಟುಕೊಂಡು ಬಳಸಬಹುದು, ಚುಕ್ಕೆಯ ಅಗಲಕ್ಕಿಂತ ಹೆಚ್ಚಿದ್ದರೆ ಹಿಂದಿರುಗಿಸಿ.

ಎರಡನೆಯದು ಟೇಪು. 20 ಮತ್ತು 40 ಗಜವನ್ನು ಅಳತೆಪಟ್ಟಿಯಿಂದ ಗುರುತು ಮಾಡಿ, ರಟ್ಟಿನ ಪೆಟ್ಟಿಗೆ ಇಟ್ಟು ಹತ್ತು ಹತ್ತು ಸಲ ಅಳೆಯಿರಿ. ಹತ್ತೂ ಸಲ ಒಂದು ಗಜ ಹೆಚ್ಚು ತೋರಿಸುವ ಯಂತ್ರ ಪರವಾಗಿಲ್ಲ, ಅದರ ಅಂಕಿಗೇ ಪಿನ್ ಹೊಂದಿಸಿಕೊಂಡರಾಯಿತು. ಒಮ್ಮೆ 39, ಒಮ್ಮೆ 42 ಅನ್ನುವುದು ಬೇಡ. ಮೂರನೆಯದು ಸೂರ್ಯ ಮುಳುಗಿದ ಇಪ್ಪತ್ತು ನಿಮಿಷಕ್ಕೆ, ಕಪ್ಪು ಕಂದು ಬಟ್ಟೆಯನ್ನು ಪೊದೆಯ ಹಿಂದೆ ನೇತುಹಾಕಿ ‘ಲಾಸ್ಟ್’ ಮೋಡಿನಲ್ಲಿ ಅಳೆಯುವುದು. ಈ ಒಂದು ಪರೀಕ್ಷೆಯಲ್ಲಿ ಪರದೆ, ಗಾಜು, ಮೋಡ್ ಮೂರರ ಯೋಗ್ಯತೆಯೂ ಗೊತ್ತಾಗುತ್ತದೆ.

ಕಾಡಿನಲ್ಲಿ ಪ್ರತಿ ಪ್ರಾಣಿಯನ್ನೂ ಮೂರು ಸಲ ಅಳೆಯಿರಿ. 40 ಗಜದಲ್ಲಿ ಅಳತೆಗಳ ನಡುವೆ ಒಂದು ಗಜಕ್ಕಿಂತ, 400ರಲ್ಲಿ ಐದು ಗಜಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಈಡು ಹೊಡೆಯಬೇಡಿ.

ವಾರಂಟಿಯಲ್ಲಿ ಕಂಪನಿಯಿಂದ ಕಂಪನಿಗೆ ಬಹಳ ಅಂತರವಿದೆ. ವೋರ್ಟೆಕ್ಸ್‌ನದು ಜೀವಮಾನದ್ದು, ಯಂತ್ರ ಕೈ ಬದಲಾದರೂ, ರಸೀದಿ ಇಲ್ಲದಿದ್ದರೂ ನಡೆಯುತ್ತದೆ. ಬೇರೆ ಕೆಲವು ಕಂಪನಿಗಳು ಗಾಜಿಗೆ ಒಂದು ಅವಧಿ, ಒಳಗಿನ ಎಲೆಕ್ಟ್ರಾನಿಕ್ಸ್‌ಗೆ ಕೆಲವೇ ವರ್ಷಗಳ ಇನ್ನೊಂದು ಅವಧಿ ಇಟ್ಟಿವೆ, ಕೆಡುವುದು ಮಾತ್ರ ಎಲೆಕ್ಟ್ರಾನಿಕ್ಸೇ. ಹಳೆಯದನ್ನು ಕೊಳ್ಳುವವರು ಬ್ಯಾಟರಿಯ ಮುಚ್ಚಳ ತೆಗೆದು ಸ್ಪ್ರಿಂಗಿನ ಮೇಲೆ ಹಸಿರು ಬಿಳಿ ಪುಡಿ ಇದೆಯೇ ನೋಡಿ, ಇದ್ದರೆ ಅದು ಬ್ಯಾಟರಿ ಸೋರಿದ ಗುರುತು. ಆಮೇಲೆ ಗಾಜಿನ ಒಳಗೆ ಮಂಜಿನ ಕಲೆ, ಪರದೆಯಲ್ಲಿ ಅರೆಬರೆ ಮೂಡುವ ಅಂಕಿಗಳು. ಇವು ಸರಿಯಿದ್ದು ಕಂಬದ ಪರೀಕ್ಷೆಯಲ್ಲೂ ಪಾಸಾದರೆ ಎರಡು ಮೂರು ವರ್ಷ ಹಳೆಯ ಮಧ್ಯಮ ಬೆಲೆಯ ಯಂತ್ರ, ಅದೇ ದುಡ್ಡಿಗೆ ಸಿಗುವ ಹೊಸ ಅಗ್ಗದ ಯಂತ್ರಕ್ಕಿಂತ ಒಳ್ಳೆಯ ಖರೀದಿ.